ಕೋಳಿ ಅಂಗಡಿಯಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದವರೆಗೆ: ಒಳಕಿವಿಯ ಕೂದಲಕೋಶಗಳ ಚಿತ್ರ ತೆಗೆಯುವ ಸಮಗ್ರ ಮಾರ್ಗದರ್ಶಿ

"ಮೈಕ್ರೋಸ್ಕೋಪ್ ಇರೋದು ಬೆಂಗಳೂರಲ್ಲಿ ಸಾರ್, ದಾವಣಗೆರೇಲಿ ಕೂತು ನಾವೇನು ಮಾಡೋಕಾಗುತ್ತೆ?" ಎಂಎಸ್ಸಿ ಪ್ರಾಜೆಕ್ಟ್ ಹಂಚುವ ದಿನ ಈ ಮಾತು ಬಂದೇ ಬರುತ್ತದೆ. ನನ್ನ ಉತ್ತರವೂ ಪ್ರತಿ ಸಲ ಒಂದೇ. ಚಿತ್ರ ಕೆಡುವುದು ಬೆಂಗಳೂರಿನಲ್ಲಲ್ಲ, ಇಲ್ಲೇ. ಕೋಳಿ ಅಂಗಡಿಯಿಂದ ನಮ್ಮ ಮೇಜಿಗೆ ಬರುವ ಹದಿನೈದು ನಿಮಿಷದಲ್ಲಿ ಅರ್ಧ ಕೆಡುತ್ತದೆ, ಮರುದಿನ ಒಣಗಿಸುವಾಗ ಉಳಿದರ್ಧ. ಕೋಟಿ ಬೆಲೆಯ ಯಂತ್ರ ಕೆಟ್ಟ ಮಾದರಿಯನ್ನು ರಿಪೇರಿ ಮಾಡುವುದಿಲ್ಲ. ಎಷ್ಟು ಕೆಟ್ಟಿದೆ ಅಂತ ಚೆನ್ನಾಗಿ ತೋರಿಸುತ್ತದೆ, ಅಷ್ಟೆ.

ಆದ್ದರಿಂದ ಈ ಬರಹದಲ್ಲಿ ಯಂತ್ರದ ಮಾತು ಕಡಿಮೆ, ಮಾದರಿಯ ಮಾತು ಹೆಚ್ಚು.

ನೋಡಬೇಕಾದ್ದು ಏನು

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಜೀವಕೋಶಕ್ಕೆ ಕೂದಲಕೋಶ ಎನ್ನುತ್ತೇವೆ. ಹೆಸರಿಗೆ ಕೂದಲು, ನಿಜದಲ್ಲಿ ಅವು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಒತ್ತಾಗಿ ತುಂಬಿದ ಕಡ್ಡಿಗಳು. ಶಾಸ್ತ್ರದ ಹೆಸರು ಸ್ಟೀರಿಯೋಸಿಲಿಯಾ. ಮದುವೆ ಫೋಟೋದಲ್ಲಿ ಗಿಡ್ಡರು ಮುಂದೆ, ಎತ್ತರದವರು ಹಿಂದೆ ನಿಲ್ಲುತ್ತಾರಲ್ಲ, ಹಾಗೆ ಕೋಶದ ತಲೆಯ ಮೇಲೆ ಸಾಲುಸಾಲಾಗಿ ನಿಂತಿರುತ್ತವೆ. ಮನುಷ್ಯನ ಒಂದು ಕಿವಿಯಲ್ಲಿ ಒಳಸಾಲಿನ ಕೂದಲಕೋಶಗಳು ಸುಮಾರು 3,500, ಹೊರಸಾಲಿನವು ಸುಮಾರು 12,000. ಹೋದರೆ ಹೋದವು, ಮತ್ತೆ ಹುಟ್ಟುವುದಿಲ್ಲ. ಕೋಳಿಯ ಕಿವಿಯಲ್ಲಿ ಇರುವುದು ಸುಮಾರು 10,000. ಅದಕ್ಕೆ ಮಾತ್ರ ಆ ಭಾಗ್ಯ ಉಂಟು: ದೊಡ್ಡ ಸದ್ದಿಗೆ ಸತ್ತ ಕೋಶಗಳ ಜಾಗದಲ್ಲಿ ಹಕ್ಕಿಗಳಲ್ಲಿ ಹೊಸವು ಹುಟ್ಟುತ್ತವೆ ಎಂದು 1988ರಲ್ಲಿ ಗೊತ್ತಾಯಿತು. ಕೋಳಿ ಕಿವಿಯ ಮೇಲೆ ಕೆಲಸ ಮಾಡುವುದು ಬಡವರ ಪ್ರಯೋಗ ಎಂದು ಯಾರಾದರೂ ಮೂಗು ಮುರಿದರೆ ಈ ವರ್ಷವನ್ನು ನೆನಪಿಸಿ.

ಕೋಳಿಯಲ್ಲಿ ಇನ್ನೊಂದು ಅನುಕೂಲ. ಕೂದಲಕೋಶಗಳು ಕೂತಿರುವ ಅದರ ಶ್ರವಣಪಟ್ಟಿ ನಮ್ಮ ಹಾಗೆ ಬಸವನಹುಳುವಿನಂತೆ ಸುತ್ತಿಕೊಂಡಿಲ್ಲ, ಸಣ್ಣ ಬಾಳೆಹಣ್ಣಿನಂತೆ ಕೊಂಚ ಬಾಗಿದೆ. ಪಟ್ಟಿಯ ತುದಿಯಲ್ಲಿ, ಅಂದರೆ ಕೆಳದನಿ ಕೇಳುವ ಕಡೆ, ಒಂದು ಕೋಶಕ್ಕೆ ಸುಮಾರು 50 ಕಡ್ಡಿಗಳು; ಎತ್ತರ 5.5 ಮೈಕ್ರಾನ್‌ವರೆಗೆ. ಬುಡದಲ್ಲಿ, ಮೇಲ್ದನಿಯ ಕಡೆ, ಒಂದು ಕೋಶಕ್ಕೆ 300ರ ಆಸುಪಾಸು. ಎತ್ತರ ಬರೀ 1.5 ಮೈಕ್ರಾನ್. ಪಟ್ಟಿಯ ಎಲ್ಲಿಂದ ಚಿತ್ರ ತೆಗೆದಿರಿ ಎಂದು ಬರೆದಿಡದಿದ್ದರೆ ಚಿತ್ರಕ್ಕೆ ಅರ್ಥವೇ ಇಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇಷ್ಟೆಲ್ಲ ಪಾಡು ಪಡುವುದು ಟಿಪ್ ಲಿಂಕ್ ಎಂಬ ಒಂದು ದಾರಕ್ಕಾಗಿ. ಗಿಡ್ಡ ಕಡ್ಡಿಯ ನೆತ್ತಿಯಿಂದ ಹೊರಟು ಹಿಂದಿನ ಎತ್ತರದ ಕಡ್ಡಿಯ ಪಕ್ಕೆಗೆ ಕಟ್ಟಿಕೊಂಡಿರುವ ಎಳೆ ಅದು. ಉದ್ದ ಸುಮಾರು 150 ನ್ಯಾನೋಮೀಟರ್, ದಪ್ಪ ಹತ್ತರ ಒಳಗೆ. ಸದ್ದಿಗೆ ಕಡ್ಡಿಗಳು ಎತ್ತರದ ಕಡೆ ವಾಲಿದಾಗ ದಾರ ಬಿಗಿಯುತ್ತದೆ, ಅಯಾನು ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ಒಳನುಗ್ಗುತ್ತದೆ. ಕೇಳುವುದು ಶುರುವಾಗುವುದು ಅಲ್ಲಿಂದ. 1984ರಲ್ಲಿ ಬ್ರಿಟನ್ನಿನ ಪಿಕಲ್ಸ್, ಕೋಮಿಸ್, ಓಸ್ಬೋರ್ನ್ ಇದನ್ನು ಮೊದಲು ವಿವರಿಸಿದರು. ಕ್ಯಾಡ್‌ಹೆರಿನ್-23 ಮತ್ತು ಪ್ರೋಟೋಕ್ಯಾಡ್‌ಹೆರಿನ್-15 ಎಂಬ ಎರಡು ಪ್ರೋಟೀನುಗಳು ತಲೆಗೆ ತಲೆ ಕೊಟ್ಟು ಹೆಣೆದುಕೊಂಡು ಆ ದಾರವಾಗಿದೆ. ಈ ಹೆಣಿಗೆಯನ್ನು ಹಿಡಿದಿಡುವುದು ಕ್ಯಾಲ್ಸಿಯಂ. ಈ ಒಂದು ಮಾತನ್ನು ಗೋಡೆ ಮೇಲೆ ಬರೆದುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಯಾವುದಕ್ಕೆ ಯಾವ ಯಂತ್ರ

ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆ ಒಂದಾಗಿ ಕಾಣುತ್ತವೆ. ಒಂದು ಕಡ್ಡಿಯ ದಪ್ಪವೇ ಹೆಚ್ಚುಕಮ್ಮಿ ಅಷ್ಟು. ಹಾಗಾಗಿ ಲೇಸರ್ ಬೆಳಕಿನ ಸೂಕ್ಷ್ಮದರ್ಶಕವಾದ ಕನ್‌ಫೋಕಲ್‌ನಲ್ಲಿ ಕಡ್ಡಿಗಳ ಕಟ್ಟು ಕಾಣುತ್ತದೆ, ಕೋಶಗಳನ್ನು ಎಣಿಸಬಹುದು, ದಾರ ಮಾತ್ರ ಕಾಣುವುದಿಲ್ಲ. ದಾರ ಬೇಕೆಂದರೆ ಫೀಲ್ಡ್ ಎಮಿಷನ್ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕೋಶದ ಒಳಗಿನ ಸಿನಾಪ್ಸ್ (ನರಕ್ಕೆ ಸಂದೇಶ ದಾಟಿಸುವ ಜಾಗ), ಕಡ್ಡಿಯ ಬೇರು ನೋಡಬೇಕಾದರೆ ರಾಳದಲ್ಲಿ ಹುದುಗಿಸಿ 70 ನ್ಯಾನೋಮೀಟರ್ ತೆಳುವಾಗಿ ಕೊಯ್ದು ಟ್ರಾನ್ಸ್‌ಮಿಷನ್ ಯಂತ್ರಕ್ಕೆ ಹಾಕಬೇಕು. ಅದು ಬೇರೆಯದೇ ವಿದ್ಯೆ, ಇಲ್ಲಿ ಬಿಟ್ಟಿದ್ದೇನೆ.

ನನ್ನ ಪದ್ಧತಿ ಇದು: ಒಂದು ತಲೆಯ ಬಲಗಿವಿ ಬೆಳಕಿಗೆ, ಎಡಗಿವಿ ಎಲೆಕ್ಟ್ರಾನಿಗೆ. ಬಲಗಿವಿ ಇಲ್ಲೇ ನೋಡಿ ಚೆನ್ನಾಗಿದ್ದರೆ ಮಾತ್ರ ಎಡಗಿವಿಗೆ ಬೆಂಗಳೂರಿನ ಖರ್ಚು.

ಅಂಗಡಿಯಲ್ಲಿ

ನಮ್ಮ ಸೀಮೆ ಮೆಕ್ಕೆಜೋಳದ ಸೀಮೆ, ಕೋಳಿಗೇನೂ ಬರವಿಲ್ಲ. ಅಂಗಡಿಯವರು ತಲೆಯನ್ನು ಹೇಗೂ ಬಿಸಾಡುತ್ತಾರೆ. ಪ್ರಯೋಗಕ್ಕೆಂದು ಪ್ರಾಣಿ ಕೊಲ್ಲುವ ಪ್ರಶ್ನೆ ಇಲ್ಲ. ಹಾಗಂತ ಕಾಗದಪತ್ರ ಬೇಡವೆಂದಲ್ಲ. ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ಮೊದಲೇ ಬರೆದು ತಿಳಿಸಿ, ಅವರ ಉತ್ತರವನ್ನು ಫೈಲಿನಲ್ಲಿಡಿ.

ಅಂಗಡಿಯವನಿಗೆ ಹಿಂದಿನ ದಿನವೇ ಹೇಳಿಟ್ಟಿರಬೇಕಾದ ಮಾತು: ಕೋಳಿಯನ್ನು ಬಿಸಿನೀರಿಗೆ ಅದ್ದುವ ಮುಂಚೆ ತಲೆ ಕೊಡು. ಪುಕ್ಕ ಬಿಡಲಿ ಎಂದು ಬಿಸಿನೀರಿನಲ್ಲಿ ಅದ್ದಿ ಯಂತ್ರಕ್ಕೆ ಹಾಕುತ್ತಾರಲ್ಲ, ಆ ಬಿಸಿಗೆ ಕೂದಲಕೋಶ ಬೆಂದೇ ಹೋಗುತ್ತದೆ. ನಮ್ಮ ಮೊದಲ ನಾಲ್ಕು ತಲೆಗಳು ಹಾಗೇ ಹಾಳಾದವು. ಕಡ್ಡಿಗಳೆಲ್ಲ ಕರಗಿದ ಮೇಣದ ಬತ್ತಿಯಂತೆ ಕಂಡಾಗ, ಕೋಶವನ್ನು ಇದ್ದ ಹಾಗೇ ಹಿಡಿದಿಡುವ ದ್ರವವಾದ ಫಿಕ್ಸೇಟಿವ್‌ನಲ್ಲಿ ದೋಷ ಹುಡುಕುತ್ತ ಎರಡು ವಾರ ಕಳೆದೆವು. ಆಮೇಲೊಂದು ಬೆಳಿಗ್ಗೆ ಅಂಗಡಿ ಮುಂದೆ ಸುಮ್ಮನೆ ನಿಂತು ನೋಡಿದಾಗ ಕಾರಣ ಹಬೆಯಾಡುತ್ತಿದ್ದ ಹಂಡೆಯಲ್ಲಿತ್ತು.

ಬೆಳಿಗ್ಗೆ ಬೇಗ ಹೋಗಿ, ಗಿರಾಕಿ ಕಡಿಮೆ ಇರುತ್ತಾರೆ. ತಣ್ಣನೆಯ ಸಲೈನ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ತಲೆಯನ್ನು ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಐಸ್ ತುಂಬಿದ ಡಬ್ಬಿಯಲ್ಲಿಡಿ. ನೇರ ಐಸ್ ತಗುಲಬಾರದು, ಹೆಪ್ಪುಗಟ್ಟಿದರೆ ಕೋಶ ಒಡೆಯುತ್ತದೆ. ಬೇಗ ಆಗಲಿ ಎಂದು ಫಿಕ್ಸೇಟಿವ್ ತಯಾರಿಸುವ ವಿಷಕಾರಿ ಗ್ಲುಟರಾಲ್ಡಿಹೈಡ್ ಬಾಟಲಿಯನ್ನು ಅಂಗಡಿಗೇ ಒಯ್ಯುವ ಬುದ್ಧಿವಂತರೂ ಇದ್ದಾರೆ. ಜನ ತಿನ್ನುವ ಮಾಂಸ ಕೊಯ್ಯುವ ಜಾಗ ಅದು, ಅಲ್ಲಿ ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಹದಿನೈದು ನಿಮಿಷದಲ್ಲಿ ತಲುಪಲಾಗದಷ್ಟು ದೂರದ ಅಂಗಡಿಯಾದರೆ ಅಂಗಡಿ ಬದಲಿಸಿ.

ಫಿಕ್ಸೇಟಿವ್: ಇಲ್ಲಿ ಜಿಪುಣತನ ಬೇಡ

ಹೊರಡುವ ಮುಂಚೆಯೇ ತಯಾರಿರಬೇಕು. 100 ಮಿಲಿಲೀಟರಿಗೆ ಲೆಕ್ಕ: 80 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ 2.14 ಗ್ರಾಂ ಸೋಡಿಯಂ ಕ್ಯಾಕೋಡೈಲೇಟ್ ಟ್ರೈಹೈಡ್ರೇಟ್ ಕರಗಿಸಿ, 29 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿ, ಪಿಎಚ್ 7.4ಕ್ಕೆ ತನ್ನಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ದರ್ಜೆಯ 25% ಗ್ಲುಟರಾಲ್ಡಿಹೈಡ್ 10 ಮಿಲಿ ಸೇರಿಸಿ 100ಕ್ಕೆ ತುಂಬಿಸಿ. ಕೊನೆಗೆ ನಿಮ್ಮ ಕೈಯಲ್ಲಿರುವುದು 0.1 ಮೋಲಾರ್ ಬಫರ್ (ಪಿಎಚ್ ಏರುಪೇರಾಗದಂತೆ ತಡೆಯುವ ದ್ರಾವಣ), 2.5% ಗ್ಲುಟರಾಲ್ಡಿಹೈಡ್, 2 ಮಿಲಿಮೋಲಾರ್ ಕ್ಯಾಲ್ಸಿಯಂ. ಕ್ಯಾಕೋಡೈಲೇಟ್‌ನಲ್ಲಿ ಆರ್ಸೆನಿಕ್ ಇದೆ, ಕೈಗವಸು ಬೇಕೇ ಬೇಕು, ಸಿಂಕಿಗೆ ಸುರಿಯುವಂತಿಲ್ಲ. ಆರ್ಸೆನಿಕ್ ಬೇಡವೆಂದರೆ ಹೆಪಿಸ್ ಬಫರ್ ಬಳಸಿ.

ಬಳಸಬಾರದ್ದು ಫಾಸ್ಫೇಟ್ ಬಫರ್. ಪ್ರತಿ ಇಲಾಖೆಯ ಫ್ರಿಜ್ಜಿನಲ್ಲೂ ಅದೇ ಇರುತ್ತದೆ, ಕೈ ಅತ್ತಲೇ ಹೋಗುತ್ತದೆ. ಫಾಸ್ಫೇಟಿಗೆ ಕ್ಯಾಲ್ಸಿಯಂ ಹಾಕಿದರೆ ಎರಡೂ ಕೂಡಿ ಹಾಲಿನಂತೆ ಬೆಳ್ಳಗಾಗಿ ತಳಕ್ಕೆ ಕೂರುತ್ತದೆ. ನಾನೊಮ್ಮೆ ಅದನ್ನು ಕೊಳೆ ಎಂದುಕೊಂಡು ಸೋಸಿ, ತಿಳಿಯಾದ ದ್ರವವನ್ನು ಹೆಮ್ಮೆಯಿಂದ ಬಳಸಿದೆ. ಸೋಸುಕಾಗದದ ಮೇಲೆ ಉಳಿದದ್ದು ನನ್ನ ಕ್ಯಾಲ್ಸಿಯಂ. ಆ ಸಲ ಕಡ್ಡಿಗಳು ಅಂದವಾಗಿ ನಿಂತಿದ್ದವು, ದಾರ ಒಂದೂ ಇರಲಿಲ್ಲ.

ಬಲಗಿವಿಗೆ ಬೇರೆಯದೇ ದ್ರವ: 4% ಪ್ಯಾರಾಫಾರ್ಮಾಲ್ಡಿಹೈಡ್, ಪುಡಿಯಿಂದ ಆಗಷ್ಟೇ ಕರಗಿಸಿದ್ದು. ಕಪಾಟಿನಲ್ಲಿರುವ ಫಾರ್ಮಾಲಿನ್ ಬಾಟಲಿ ಬೇಡ. ಅದರಲ್ಲಿ ಮೆಥನಾಲ್ ಬೆರೆತಿರುತ್ತದೆ, ಕಡ್ಡಿಗಳು ಹೊಳೆಯಲೆಂದು ಮುಂದೆ ಹಾಕುವ ಫ್ಯಾಲಾಯ್ಡಿನ್ ಆಕ್ಟಿನ್ನಿಗೆ ಸರಿಯಾಗಿ ಅಂಟುವುದಿಲ್ಲ. ಗ್ಲುಟರಾಲ್ಡಿಹೈಡ್ ಕೂಡ ಈ ಕಿವಿಗೆ ಬೇಡ, ತಾನೇ ಹೊಳೆದು ಚಿತ್ರ ಮಂಜಾಗಿಸುತ್ತದೆ.

ಕಿವಿ ಬಿಡಿಸುವುದು

ಕೆಳದವಡೆ ತೆಗೆದು, ತಲೆಯನ್ನು ನಡುಮಧ್ಯೆ ಸೀಳಿ ಎರಡು ಹೋಳು ಮಾಡಿ. ಕಣ್ಣಿನ ಹಿಂದೆ, ಪುಕ್ಕದ ಮರೆಯಲ್ಲಿ ಕಿವಿಯ ತೂತು ಇದೆ. ಚರ್ಮ ಬಿಡಿಸಿದರೆ ತೆಳುವಾದ ತಮಟೆ ಕಾಣುತ್ತದೆ. ತಮಟೆ ಹರಿದರೆ ಅದರ ಹಿಂದೆ ಒಂದೇ ಒಂದು ಎಲುಬು: ಕಾಲ್ಯುಮೆಲ್ಲಾ. ನಮಗೆ ನಡುಗಿವಿಯಲ್ಲಿ ಮೂರಿದ್ದರೆ ಹಕ್ಕಿಗೆ ಒಂದೇ. ಸಣ್ಣ ಕಡ್ಡಿಗೆ ತಟ್ಟೆಯೊಂದನ್ನು ಅಂಟಿಸಿದಂತಿರುತ್ತದೆ, ಆ ತಟ್ಟೆ ಒಳಕಿವಿಯ ಕಿಟಕಿಯನ್ನು ಮುಚ್ಚಿಕೊಂಡಿದೆ.

ಇಲ್ಲಿ ಉಸಿರು ಬಿಗಿಹಿಡಿಯಿರಿ. ಕಾಲ್ಯುಮೆಲ್ಲಾವನ್ನು ನೇರ ಹೊರಕ್ಕೆ ಎಳೆಯಬೇಕು, ಅಲ್ಲಾಡಿಸಬಾರದು. ಕಿಟಕಿ ತೆರೆದ ಕೂಡಲೇ ಸಣ್ಣ ಪಿಪೆಟ್ಟಿನಿಂದ ಫಿಕ್ಸೇಟಿವ್ ಅನ್ನು ಹನಿಹನಿಯಾಗಿ ಒಳಗೆ ಬಿಡಿ. ಇಂಜೆಕ್ಷನ್ ಚುಚ್ಚಿ ಒತ್ತಿದರೆ ಆ ರಭಸಕ್ಕೇ ಕಡ್ಡಿಗಳು ಮಲಗುತ್ತವೆ. ಹನಿ ತಾನಾಗಿ ಒಳಗಿಳಿಯಲು ಬಿಡಿ, ಎರಡು ನಿಮಿಷಕ್ಕೊಮ್ಮೆ ಹೊಸ ಹನಿ. ಹತ್ತು ನಿಮಿಷವಾದ ಮೇಲೆ ಆ ಇಡೀ ಎಲುಬಿನ ತುಂಡನ್ನು ಫಿಕ್ಸೇಟಿವ್‌ನಲ್ಲಿ ಮುಳುಗಿಸಿ, ಕೋಣೆಯ ಬಿಸಿಯಲ್ಲಿ ಎರಡು ಗಂಟೆ, ಆಮೇಲೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ. ಎಲ್ಲವೂ ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ. ಹುಡ್ ಗಾಳಿ ಎಳೆಯುತ್ತದೋ ಇಲ್ಲವೋ ಎಂದು ಆಲ್ಕೋಹಾಲ್ ಹೊರತೆಗೆಯುವ ಮುಂಚೆ ಒಂದು ಊದುಬತ್ತಿ ಹಚ್ಚಿ ನೋಡಿ. ಎಷ್ಟೋ ಕಡೆ ಹುಡ್ ಎಂದರೆ ಲೈಟ್ ಇರುವ ಕಪಾಟು, ಅಷ್ಟೆ.

ಮರುದಿನ ಬಫರ್‌ನಲ್ಲಿ ತೊಳೆದು, ಕಿಟಕಿಯ ಸುತ್ತಲ ಎಲುಬನ್ನು ಚಿಮಟದಿಂದ ಚೂರುಚೂರಾಗಿ ಮುರಿಯುತ್ತ ಹೋದರೆ ಬೆಳ್ಳನೆಯ ಬಾಗಿದ ನಾಳ ಸಿಗುತ್ತದೆ. ಬ್ರಾಯ್ಲರ್ ಕೋಳಿ ಐದಾರು ವಾರದ್ದಾದ್ದರಿಂದ ಎಲುಬು ಗಟ್ಟಿ. ಆದರೂ ಆ್ಯಸಿಡ್, ಇಡಿಟಿಎ ಹಾಕಿ ಮೆತ್ತಗಾಗಿಸಲು ಹೋಗಬೇಡಿ. ಇಡಿಟಿಎಯ ಕಸುಬೇ ಕ್ಯಾಲ್ಸಿಯಂ ಕಸಿಯುವುದು. ನಾಳದ ಮೇಲೆ ರಕ್ತನಾಳ ತುಂಬಿದ ಮಡಿಕೆಮಡಿಕೆಯ ಚಾವಣಿ ಇದೆ, ಅದನ್ನು ಒಂದು ತುದಿಯಿಂದ ಹಿಡಿದು ಸುಲಿಯಿರಿ. ಮೊದಲ ಹತ್ತು ಕಿವಿ ಕೈ ಪಳಗಲಿಕ್ಕೆ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಬಲಗಿವಿಯ ಪರೀಕ್ಷೆ

ಇದು ಸುಲಭ. ಕೋಶದ ಪೊರೆಗೆ ತೂತು ಮಾಡುವ 0.3% ಟ್ರೈಟಾನ್‌ನಲ್ಲಿ ಅರ್ಧ ಗಂಟೆ, ಹಸಿರು ಹೊಳೆಯುವ ಫ್ಯಾಲಾಯ್ಡಿನ್ 200ಕ್ಕೆ 1ರಂತೆ ಕತ್ತಲಲ್ಲಿ ಒಂದು ಗಂಟೆ, ಮೂರು ತೊಳೆತ. ಚಾವಣಿಯ ಕೆಳಗೆ ಕೋಶಗಳಿಗೆ ಹೊದಿಸಿದ ಜೆಲ್ಲಿಯಂಥ ಟೆಕ್ಟೋರಿಯಲ್ ಪೊರೆ ಇನ್ನೊಂದಿದೆ, ಅದನ್ನೂ ತೆಗೆದು ಕೂದಲು ಮೇಲ್ಮುಖವಾಗಿ ಸ್ಲೈಡಿಗೆ ಕೂರಿಸಿ. ಕವರ್‌ಸ್ಲಿಪ್ ನೇರ ಕೂರದಂತೆ ಅಕ್ಕಪಕ್ಕ ತೆಳು ಪಟ್ಟಿ ಇಡಿ. ಫ್ಯಾಲಾಯ್ಡಿನ್ ಎಂಬುದು ಡೆತ್ ಕ್ಯಾಪ್ ಅಣಬೆಯ ವಿಷ. ಇಲ್ಲಿ ಬಳಸುವ ಪ್ರಮಾಣ ಅತ್ಯಲ್ಪ, ಆದರೂ ಗೌರವ ಇರಲಿ. ಕನ್‌ಫೋಕಲ್ ಬೇಕೆಂದೇನಿಲ್ಲ, ಮಾಮೂಲಿ ಫ್ಲೋರೆಸೆನ್ಸ್ ಸಾಕು. ಜೇನುಗೂಡಿನಂಥ ಗೆರೆಗಳು, ಪ್ರತಿ ಕಣ್ಣಿನಲ್ಲೂ ಒಂದು ಹಸಿರು ಕುಡಿ. ಖಾಲಿ ಕಣ್ಣುಗಳು ಗುಂಪುಗುಂಪಾಗಿ ಕಂಡರೆ ಆ ಕೋಳಿಯ ಎಡಗಿವಿಯನ್ನು ಮರೆತುಬಿಡಿ.

ಆಸ್ಮಿಯಂ ಮತ್ತು ನೀರು ತೆಗೆಯುವುದು

ಎಡಗಿವಿಗೆ 1% ಆಸ್ಮಿಯಂ ಟೆಟ್ರಾಕ್ಸೈಡ್, ಕತ್ತಲಲ್ಲಿ ಒಂದು ಗಂಟೆ. ಆರು ಬಾರಿ ನೀರಿನಲ್ಲಿ ತೊಳೆದು, ಸೋಸಿದ ಥಯೋಕಾರ್ಬೋಹೈಡ್ರಜೈಡ್‌ನಲ್ಲಿ ಇಪ್ಪತ್ತು ನಿಮಿಷ. ಮತ್ತೆ ತೊಳೆತ, ಮತ್ತೆ ಆಸ್ಮಿಯಂ, ಮತ್ತೆ ಅದೇ, ಮತ್ತೆ ಆಸ್ಮಿಯಂ. ಅಂದರೆ ಆಸ್ಮಿಯಂ ಮೂರು ಸಲ, ನಡುವೆ ಅದನ್ನು ಹಿಡಿಸುವ ಅಂಟಾದ ಥಯೋಕಾರ್ಬೋಹೈಡ್ರಜೈಡ್ ಎರಡು ಸಲ. ಕೋಶಕ್ಕೆ ಲೋಹದ ಪದರ ಕೂರಿಸಿ ವಿದ್ಯುತ್ ಹರಿಯುವಂತೆ ಮಾಡುವುದು, ದಾರಗಳನ್ನು ಗಟ್ಟಿಗೊಳಿಸುವುದು ಇದರ ಉದ್ದೇಶ. ತೊಳೆತದಲ್ಲಿ ಸೋಮಾರಿತನ ಮಾಡಿದರೆ ಕಡ್ಡಿಗಳ ಮೇಲೆಲ್ಲ ರವೆ ಎರಚಿದಂತೆ ಕರಿ ಕಾಳು ಕೂರುತ್ತವೆ.

ಆಸ್ಮಿಯಂ ಹಬೆ ಕಣ್ಣಿನ ಪಾರದರ್ಶಕ ಪಟಲವನ್ನೇ ಕರಿದಾಗಿಸಬಲ್ಲದು. ಕನ್ನಡಕ, ಎರಡು ಜೊತೆ ಕೈಗವಸು, ಜೊತೆಗೆ ಇನ್ನೊಬ್ಬರು. ಮುಗಿದ ದ್ರಾವಣಕ್ಕೆ ಎರಡರಷ್ಟು ಮೆಕ್ಕೆಜೋಳದ ಎಣ್ಣೆ ಹಾಕಿ ಕಲಕಿ. ಎಣ್ಣೆ ಕಪ್ಪಾಗಿ ಆಸ್ಮಿಯಂ ಸುಮ್ಮನಾಗುತ್ತದೆ. ನಮ್ಮೂರಿನ ಬೆಳೆ ಇಷ್ಟು ದೂರ ಕೆಲಸಕ್ಕೆ ಬರುತ್ತದೆಂದು ನಾನೂ ಎಣಿಸಿರಲಿಲ್ಲ.

ಆಮೇಲೆ ಆಲ್ಕೋಹಾಲ್: ಶೇಕಡಾ 30, 50, 70, 80, 90, 95, ಕೊನೆಗೆ 100 ಮೂರು ಸಲ, ಒಂದೊಂದೂ ಹತ್ತು ನಿಮಿಷ. 70ರಲ್ಲಿ ನಿಲ್ಲಿ. ಎಡಗಿವಿಯ ಟೆಕ್ಟೋರಿಯಲ್ ಪೊರೆ ತೆಗೆಯಲು ಇದೇ ಹದ. ಅಲ್ಲಿಯವರೆಗೆ ನೀರಿನಂತೆ ಕಾಣದೆ ಇದ್ದದ್ದು ಈಗ ಬೆಳ್ಳಗೆ ಎದ್ದು ಕಾಣುತ್ತದೆ. ಪೊರೆಯ ಅಂಚನ್ನು ಮಾತ್ರ ಹಿಡಿದು ಪಟ್ಟಿಯ ಉದ್ದಕ್ಕೂ ಮೆಲ್ಲಗೆ ಎಳೆಯಿರಿ, ಹಾಲಿನ ಕೆನೆ ಎತ್ತಿದ ಹಾಗೆ. ಚಿಮಟದ ಮೊನೆ ಪಟ್ಟಿಗೆ ತಾಗಿದ ಕಡೆಯೆಲ್ಲ ಟ್ರ್ಯಾಕ್ಟರ್ ಹೋದ ಹೊಲದಂತೆ ಕಾಣುತ್ತದೆ.

ಒಣಗಿಸುವುದು

ಗಾಳಿಗೆ ಒಣಗಿಸಿದರೆ ಸಂಡಿಗೆಯಂತೆ ಮುರುಟುತ್ತದೆ. ನೀರಾಗಲಿ ಆಲ್ಕೋಹಾಲಾಗಲಿ ಆರುವಾಗ ಅದರ ಮೇಲ್ಮೈಯ ಸೆಳೆತ ಕಡ್ಡಿಗಳನ್ನು ಒದ್ದೆ ಬ್ರಷ್ಷಿನಂತೆ ಅಂಟಿಸಿಬಿಡುತ್ತದೆ. ಅದಕ್ಕೇ ಕ್ರಿಟಿಕಲ್ ಪಾಯಿಂಟ್ ಒಣಗಿಕೆ: ಆಲ್ಕೋಹಾಲ್ ಜಾಗಕ್ಕೆ ದ್ರವ ಇಂಗಾಲದ ಡೈಆಕ್ಸೈಡ್ ತುಂಬಿ, 31.1 ಡಿಗ್ರಿ ಮತ್ತು ಸುಮಾರು 74 ಬಾರ್ ದಾಟಿಸಿದರೆ ದ್ರವಕ್ಕೂ ಅನಿಲಕ್ಕೂ ನಡುವಿನ ಗಡಿಯೇ ಮಾಯ. ಗಡಿ ಇಲ್ಲವೆಂದ ಮೇಲೆ ಸೆಳೆತವೂ ಇಲ್ಲ. ಅನಿಲವನ್ನು ಹೊರಬಿಡುವಾಗ ಅರ್ಧ ಗಂಟೆಗೂ ಮೀರಿ ನಿಧಾನ. ಅವಸರದಿಂದ ಬಿಟ್ಟರೆ ತಣ್ಣಗಾಗಿ ಮತ್ತೆ ದ್ರವವಾಗುತ್ತದೆ.

ಈ 31.1 ನಮ್ಮ ಕಡೆಯವರಿಗೆ ಬರೀ ಪುಸ್ತಕದ ಅಂಕಿಯಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಪರಿಚಯದ ಪ್ರಯೋಗಾಲಯವೊಂದರಲ್ಲಿ ಸಿಲಿಂಡರ್ ತುಂಬಾ ಗ್ಯಾಸ್ ಇದ್ದರೂ ಯಂತ್ರದ ಕೋಣೆಗೆ ಒಂದು ತೊಟ್ಟು ದ್ರವ ಇಳಿಯಲಿಲ್ಲ. ವಾಲ್ವ್ ಬಿಚ್ಚಿದೆವು, ಪೈಪ್ ಬದಲಿಸಿದೆವು. ಕೊನೆಗೆ ಗೋಡೆಯ ಥರ್ಮಾಮೀಟರ್ ನೋಡಿದರೆ 36. ಸಿಲಿಂಡರಿನಲ್ಲಿ ದ್ರವವೇ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ! ಅಂದಿನಿಂದ ದಾವಣಗೆರೆ ಇರಲಿ ಚಿತ್ರದುರ್ಗ ಇರಲಿ, ಮಾರ್ಚ್‌ನಿಂದ ಮೇವರೆಗೆ ಸಿಲಿಂಡರ್ ಹಿಂದಿನ ರಾತ್ರಿಯಿಂದಲೇ ಎಸಿ ಕೋಣೆಯಲ್ಲಿ. ಆಗದಿದ್ದರೆ ಕೆಲಸವನ್ನೇ ಡಿಸೆಂಬರಿಗೆ ಇಟ್ಟುಕೊಳ್ಳಿ.

ಯಂತ್ರವೇ ಇಲ್ಲದವರು ಎಚ್‌ಎಂಡಿಎಸ್ ಎಂಬ ದ್ರವದಲ್ಲಿ ಹಂತಹಂತವಾಗಿ ನೆನೆಸಿ ಹುಡ್‌ನಲ್ಲಿ ಆರಲು ಬಿಡುತ್ತಾರೆ. ಕಟ್ಟಿನ ಆಕಾರ ನೋಡಲು ಪರವಾಗಿಲ್ಲ. ದಾರದ ಲೆಕ್ಕಕ್ಕೆ ಅದನ್ನು ನಾನು ನಂಬುವುದಿಲ್ಲ.

ಪ್ರಯಾಣ ಮತ್ತು ಯಂತ್ರದ ಮುಂದೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹೊರಗಿನವರಿಗೂ ಸಮಯ ಸಿಗುತ್ತದೆ. ದೇಶದ ಸಂಶೋಧನಾ ಯಂತ್ರಗಳ ಪಟ್ಟಿ ಇರುವ ಐ-ಸ್ಟೆಮ್ ಜಾಲತಾಣದಲ್ಲಿ ಹುಡುಕಿ ಕಾಯ್ದಿರಿಸಿ. ಚಿತ್ರದುರ್ಗದವರು ಗಮನಿಸಿ, ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಅದೇ ಸಂಸ್ಥೆಯ ಇನ್ನೊಂದು ಆವರಣ ಇದೆ, ನಾನು ಹೇಳುತ್ತಿರುವುದು ಬೆಂಗಳೂರಿನದು. ಒಣಗಿದ ಮಾದರಿಯನ್ನು ಕಾರ್ಬನ್ ಟೇಪಿನಿಂದ ಅಲ್ಯೂಮಿನಿಯಂ ಗುಬಟಿನ ಮೇಲೆ ಇಲ್ಲೇ ಅಂಟಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋಗಿ. ಬಸ್ಸಿಗಿಂತ ರೈಲು ವಾಸಿ. ಒಣಗಿಸಲು ಇಲ್ಲಿ ಆಗದವರು ಆಸ್ಮಿಯಂ ಹಂತಕ್ಕೆ ಹೋಗದೆ, ಹತ್ತರಲ್ಲಿ ಒಂದು ಪಾಲಿಗೆ ತೆಳುಮಾಡಿದ ಫಿಕ್ಸೇಟಿವ್‌ನಲ್ಲೇ ಒಯ್ಯಿರಿ. ಸೀಸೆಯನ್ನು ಅಂಚಿನವರೆಗೂ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ. ಗುಳ್ಳೆ ಇದ್ದರೆ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ಅದು ಮಾದರಿಯ ಮೇಲೆ ಉರುಳಾಡುತ್ತದೆ.

ಲೇಪನಕ್ಕೆ ಪ್ಲಾಟಿನಂ, 3ರಿಂದ 5 ನ್ಯಾನೋಮೀಟರ್. ಚಿನ್ನದ ಕಣ ದಪ್ಪ, ದಾರವನ್ನೇ ಮುಚ್ಚುತ್ತದೆ. ವೋಲ್ಟೇಜ್ 3ರಿಂದ 5 ಕಿಲೋವೋಲ್ಟ್, ಮಸೂರದಿಂದ ಮಾದರಿಗೆ ದೂರ 4-5 ಮಿಲಿಮೀಟರ್, ಮಾದರಿಯನ್ನು 30ರಿಂದ 45 ಡಿಗ್ರಿ ವಾಲಿಸಿ. ಮೊದಲು 100 ಪಟ್ಟು ಹಿಗ್ಗಿಸಿ ಇಡೀ ಪಟ್ಟಿಯ ನಕ್ಷೆ ತೆಗೆಯಿರಿ, ತುದಿಯಿಂದ ಎಷ್ಟು ಶೇಕಡಾ ದೂರ ಎಂದು ಗುರುತಿಸಿ, ಆಮೇಲೆ 10,000, ಆಮೇಲೆ 50,000ದ ಆಚೆ. ಫೋಕಸ್ ಮತ್ತು ಅಸ್ಟಿಗ್ಮ್ಯಾಟಿಸಂ ತಿದ್ದುವುದನ್ನು ಪಕ್ಕದ ಕೋಶದ ಮೇಲೆ ಮಾಡಿ. ಬೇಕಾದ ಕೋಶದ ಮೇಲೆ ಕಿರಣ ಹೆಚ್ಚು ಹೊತ್ತು ನಿಂತರೆ ಅದು ಮಸುಕಾಗುತ್ತದೆ.

ಕಂಡದ್ದೆಲ್ಲ ಟಿಪ್ ಲಿಂಕ್ ಅಲ್ಲ. ಕಡ್ಡಿಗಳ ನಡುವೆ ಅಡ್ಡ ಕೊಂಡಿಗಳೂ ಬಹಳ. ಗಿಡ್ಡ ಕಡ್ಡಿಯ ನೆತ್ತಿ ಪೂರ್ತಿ ಕಾಣುತ್ತಿರಬೇಕು, ಅಲ್ಲಿಂದ ಎಳೆ ಓರೆಯಾಗಿ ಮೇಲೇರಿ ಹಿಂದಿನ ಕಡ್ಡಿಗೆ ಸೇರಿರಬೇಕು. ನೆತ್ತಿ ಕಾಣದ ಕಡ್ಡಿಯನ್ನು ಎಣಿಕೆಗೇ ತೆಗೆದುಕೊಳ್ಳಬೇಡಿ. ಹೋಲಿಕೆಗೆ ಇನ್ನೊಂದು ತಾಜಾ ಕಿವಿಯನ್ನು ಫಿಕ್ಸ್ ಮಾಡುವ ಮುಂಚೆ 15 ನಿಮಿಷ ಕ್ಯಾಲ್ಸಿಯಂ ಇಲ್ಲದ, ಕ್ಯಾಲ್ಸಿಯಂ ಕಸಿಯುವ ಬ್ಯಾಪ್ಟಾ 5 ಮಿಲಿಮೋಲಾರ್ ಇರುವ ಸಲೈನ್‌ನಲ್ಲಿಡಿ. ಅಲ್ಲಿ ದಾರಗಳು ಮಾಯವಾಗಬೇಕು. ಅಲ್ಲೂ ಅಷ್ಟೇ ಕಂಡರೆ ನೀವು ಎಣಿಸುತ್ತಿರುವುದು ಬೇರೇನನ್ನೋ. ಕಡ್ಡಿಯ ಎತ್ತರವನ್ನು ಈ ಚಿತ್ರದಿಂದ ಅಳೆದು ಜೀವಂತ ಅಳತೆ ಎಂದೂ ಬರೆಯಬೇಡಿ, ಒಣಗುವಾಗ ಎಲ್ಲವೂ ಕುಗ್ಗಿರುತ್ತದೆ.

ಫೈಲಿನ ಹೆಸರಲ್ಲಿ ತಾರೀಕು, ಕೋಳಿಯ ಸಂಖ್ಯೆ, ಎಡವೋ ಬಲವೋ, ತುದಿಯಿಂದ ಶೇಕಡಾ ದೂರ ಇಷ್ಟೂ ಇರಲಿ, ಯಂತ್ರದ ಮುಂದೆ ಕೂತಾಗಲೇ ಬರೆಯಿರಿ. ಆಮೇಲೆ ಬರೆಯೋಣ ಎಂದು ಬಿಟ್ಟ ನಲವತ್ತಮೂರು ಚಿತ್ರಗಳು ನನ್ನ ಪೆನ್‌ಡ್ರೈವಿನಲ್ಲಿ ಇವತ್ತಿಗೂ ಇವೆ. ದಾರಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಪಟ್ಟಿಯ ಯಾವ ಕಡೆಯವು ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.